ಮೊದಲ ಗುಟುಕು ನೆಲಕ್ಕೆ

ಜುಲೈ 20

ಜೋಳ ಮೊಳಕೆ ಬಂದಿದೆ. ಬಿಸಿಲಿಗೆ ಹರಡಿದೆ. ಕೋಳಿ ಅಟ್ಟಿ ಅಟ್ಟಿ ತೋಳು ನೋವು. ಇನ್ನು ಒಣಗಬೇಕು, ಬೀಸಬೇಕು, ಕುದಿಸಿ ಹುಳಿ ಬರಿಸಬೇಕು. ಆಗಸ್ಟ್ ಒಂದಕ್ಕೆ ಚಿಚಾ, ನಮ್ಮ ಜೋಳದ ಹೆಂಡ, ಸಿದ್ಧವಿರಲೇಬೇಕು. ನಮ್ಮ ಹೆಂಡದಂಗಡಿಯ ಗಿರಾಕಿಗಳಿಗಲ್ಲ. ನೆಲಕ್ಕೆ.

ಸಂಜೆ ತಮ್ಮ ಸಿರಿಲೊ ಬಂದ. ಬೆಟ್ಟದ ಮೇಲೆ ಪುಕಾಮಾರ್ಕದಲ್ಲಿ ಕಾವಲು ಅವನದು — ಇಂಕಾಗಳು ಕಟ್ಟಿದ ಗೋಡೆಗಳಿಗೆ. ಮೈಮೇಲೆ ಯೂನಿಫಾರಂ, ಕುತ್ತಿಗೆಯಲ್ಲಿ ಸೀಟಿ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ.

"ಅಕ್ಕಾ, ಈ ವರ್ಷಾನೂ ಮೇಲೆ ಬರಬೇಡಿ. ಊಟ, ಕುಡಿಯೋದು, ಕೋಕಾ ಎಲೆ, ಏನೂ ಒಳಗೆ ತರೋ ಹಾಗಿಲ್ಲ ಅಂತ ಸಾಹೇಬ್ರು ಬೋರ್ಡ್ ಹಾಕ್ಸಿದಾರೆ."

"ಹೌದಾ? ಭೂಮಿತಾಯಿಗೆ ಓದಕ್ಕೆ ಬರುತ್ತೇನೋ?"

"ನನ್ನ ಹೊಟ್ಟೆಪಾಡು ಕಣೇ."

"ಅವಳ ಹೊಟ್ಟೆಪಾಡು?"

ಆಲೂಗಡ್ಡೆ ಸಾರು ಎರಡು ಸಲ ಹಾಕಿಸಿಕೊಂಡ. ಅದಕ್ಕೇನೂ ಬೋರ್ಡ್ ಇಲ್ಲ!

ಜುಲೈ 21

ಅಮ್ಮ ಬೀಜದ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ. ಪುಕಾಮಾರ್ಕದ ಮೇಲಿನ ಕಲ್ಲಿನ ಬುಡದಲ್ಲಿ ಚಿಚಾ ಸುರಿಯದೆ ಈ ವರ್ಷ ಒಂದು ಕಾಳೂ ಕೊಡುವುದಿಲ್ಲವಂತೆ. ಬಿತ್ತನೆ ಇಲ್ಲ.

ಆಗಸ್ಟ್‌ನಲ್ಲಿ ನೆಲ ಬಾಯಿ ತೆರೆದುಕೊಂಡಿರುತ್ತದೆ. ಹಸಿದವಳಿಗೆ ಕೊಡದೆ ಅವಳ ಬಾಯಿಗೆ ಬೀಜ ಹಾಕಿದರೆ ನುಂಗಿಬಿಡುತ್ತಾಳೆ, ತಿರುಗಿ ಕೊಡುವುದಿಲ್ಲ. ಅಪ್ಪ ಇದ್ದಾಗ ಅಪ್ಪ ಸುರಿಯುತ್ತಿದ್ದ. ಅವನು ಹೋದ ಮೇಲೆ ಮಗ ಸುರಿಯಬೇಕು. ಮಗ ಸೀಟಿ ಊದುತ್ತಾನೆ.

ಕಳೆದ ವರ್ಷ ಹಿತ್ತಿಲಲ್ಲೇ ಸುರಿದೆವು. ಜೋಳದ ತೆನೆ ಬೆರಳುದ್ದ. ಹಿಮ ಬಿತ್ತು ಅಂದರು. ಅಮ್ಮ ಹಾಗೆ ಅನ್ನಲಿಲ್ಲ.

ಜುಲೈ 25

ಅಂಗಡಿಗೆ ಒಬ್ಬಳು ವಿದೇಶಿ ಹುಡುಗಿ. ಪುಕಾಮಾರ್ಕ ನೋಡಿ ಇಳಿದವಳು, ಕೆನ್ನೆ ಬಿಸಿಲಿಗೆ ಸುಟ್ಟಿತ್ತು. ಲೋಟ ಕೊಟ್ಟೆ. ಗಟಗಟ ಕುಡಿದುಬಿಟ್ಟಳು — ನೆಲಕ್ಕೆ ಒಂದು ಹನಿ ಇಲ್ಲ. ಬೆಂಚಿನ ಮೇಲಿದ್ದವರೆಲ್ಲ ಲೋಟ ಕೆಳಗಿಟ್ಟರು.

ಅಮ್ಮ ನಕ್ಕಳು. "ಮೊದಲು ಅವಳಿಗೆ, ಮಗಾ," ಅಂತ ನೆಲ ತೋರಿಸಿದಳು. ಹುಡುಗಿಗೆ ಭಾಷೆ ಬರದಿದ್ದರೂ ತಿಳಿಯಿತು. ಎರಡನೇ ಲೋಟದಲ್ಲಿ ಸುರಿದಳು, ಧಾರಾಳವಾಗಿ, ನನ್ನ ಕಾಲಿನ ಮೇಲೂ.

ಇನ್ನೊಂದು ಲೋಟ ನೀಡಿದಾಗ ಸಾಕು ಅನ್ನಲು ಹೋದಳು. ಬೆಂಚಿನವರು ಕೈ ಹಿಡಿದು ಕೂರಿಸಿದರು. ನಮ್ಮಲ್ಲಿ ನೀಡಿದ ಲೋಟ ಬೇಡ ಎನ್ನುವವನು ಶತ್ರು ಮಾತ್ರ. ಪಾಪ, ಹೋಗುವಾಗ ಬಾಗಿಲು ಯಾವುದು, ಕಿಟಕಿ ಯಾವುದು ಗೊತ್ತಾಗಲಿಲ್ಲ ಅವಳಿಗೆ.

ಜುಲೈ 28

ಸ್ವಾತಂತ್ರ್ಯದ ದಿನ. ಮನೆಮನೆ ಮೇಲೆ ಬಾವುಟ. ಕಟ್ಟದಿದ್ದರೆ ದಂಡ. ಸ್ವಾತಂತ್ರ್ಯಕ್ಕೂ ದಂಡ!

ಚಿಚಾ ಕುದಿಸಿ ಗಡಿಗೆಗೆ ಹಾಕಿದೆ.

ಜುಲೈ 31, ರಾತ್ರಿ

ಗಡಿಗೆ ಬುಸುಬುಸು ಅನ್ನುತ್ತಿದೆ. ಚೆನ್ನಾಗಿ ಹುಳಿ ಬಂದಿದೆ.

ನಾಳೆ ಅಮ್ಮ, ನಾನು ಪುಕಾಮಾರ್ಕಕ್ಕೆ ಹೋಗುತ್ತೇವೆ. ಕದ್ದಲ್ಲ. ಟಿಕೆಟ್ ಕೊಂಡು, ಪ್ರವಾಸಿಗಳ ಸಾಲಿನಲ್ಲಿ ನಿಂತು. ಅಜ್ಜಂದಿರ ಹೊಲಕ್ಕೆ ಟಿಕೆಟ್... ಇರಲಿ. ನೋಡಲು ಬಂದವರಿಗೆ ಬಿಡುತ್ತಾರಲ್ಲ, ನಾವೂ ನೋಡಲು ಬಂದವರೇ.

ಆಗಸ್ಟ್ 1, ಸಂಜೆ

ಬರೆದೇ ಮಲಗುತ್ತೇನೆ.

ಚಿಚಾವನ್ನು ಬಿಸಿನೀರಿನ ರಬ್ಬರ್ ಚೀಲದಲ್ಲಿ ತುಂಬಿ ಅಮ್ಮನ ಹೊಟ್ಟೆಗೆ ಕಟ್ಟಿದ್ದೆ, ಶಾಲಿನ ಒಳಗೆ. ಹೆಜ್ಜೆಗೊಮ್ಮೆ ಗುಳುಗುಳು. ಗೇಟಿನಲ್ಲಿ ಸಿರಿಲೊ. ನಮ್ಮನ್ನು ನೋಡಿ ಮುಖ ಬಿಳಿಚಿತು.

"ಅಮ್ಮಾ, ಹೊಟ್ಟೇಲಿ ಏನದು?"

"ನಿನ್ನನ್ನ ಹೊತ್ತ ಹೊಟ್ಟೆ ಕಣೋ. ತಡಕ್ತೀಯಾ? ತಡಕು."

ಹಿಂದೆ ನಿಂತ ಪ್ರವಾಸಿಗಳು ಯಾಕೆ ನಿಂತೆವೆಂದು ಇಣುಕುತ್ತಿದ್ದರು. ಟಿಕೆಟ್ ಹರಿದು ಕೊಟ್ಟ. ನನ್ನ ಕಡೆ ನೋಡಲಿಲ್ಲ.

ಮೆಟ್ಟಿಲು ಹೊಲಗಳನ್ನು ಹತ್ತಿದೆವು. ಅಮ್ಮ ಎಲ್ಲೂ ಕೂರಲಿಲ್ಲ. ಪ್ರವಾಸಿಗಳು ದಾರಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು, ಇವಳು ಅವರ ಬೆನ್ನು ತಟ್ಟಿ ಮುಂದೆ ಹೋದಳು. ಮೇಲಿನ ಕಲ್ಲು ಹಾಗೇ ಇದೆ. ಸುತ್ತ ಹಗ್ಗ ಕಟ್ಟಿದ್ದಾರೆ. ಅಮ್ಮ ಹಗ್ಗದ ಕೆಳಗೆ ನುಸುಳಿದಳು. ನಾನೂ.

ಸೀಟಿ! ಸಿರಿಲೊ ಊದುತ್ತಲೇ ಓಡಿ ಬಂದ. ಕೆಳಗಿನ ಹಂತದಲ್ಲಿ ಅವನ ಸಾಹೇಬ, ಸೊಂಟದ ಮೇಲೆ ಕೈ.

"ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ, ಹೊರಗೆ ಬಾ. ಅವ್ರು ನೋಡ್ತಿದಾರೆ."

ಅಮ್ಮ ಅಪ್ಪನ ಮರದ ಲೋಟ ತೆಗೆದಳು. ತುಂಬಿದಳು. ಸುರಿಯುತ್ತಾಳೆ ಅಂದುಕೊಂಡೆ. ಸುರಿಯಲಿಲ್ಲ. ಅವನ ಮುಂದೆ ಹಿಡಿದಳು.

"ತಗೋ."

ಅವನು ನಿಂತೇ ಇದ್ದ.

"ಬೇಡ ಅನ್ನು ಮಗಾ. ಜೋರಾಗಿ ಅನ್ನು, ಅವಳಿಗೂ ಕೇಳ್ಲಿ."

ನನಗೆ ಕಿರುಚಬೇಕು ಅನ್ನಿಸಿತು, ತಗೊಳ್ಳೋ ಹೇಡಿ ಅಂತ. ಹಲ್ಲು ಕಚ್ಚಿದೆ. ಅವನಿಗೂ ಮಕ್ಕಳಿದ್ದಾರೆ, ಗೊತ್ತು. ಆದರೂ ಸಿಟ್ಟು, ಸಿಟ್ಟು. ಪ್ರವಾಸಿಗಳ ಫೋನುಗಳೆಲ್ಲ ಮೇಲೆದ್ದಿದ್ದವು.

ಹಿಡಿದಿದ್ದ ಸೀಟಿಯನ್ನು ಕೈಬಿಟ್ಟ. ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ. ಟೋಪಿ ಕಂಕುಳಲ್ಲಿ. ಕಲ್ಲಿನ ಬುಡಕ್ಕೆ ಸುರಿದ — ಬರೀ ಹನಿಯಲ್ಲ, ಅರ್ಧ ಲೋಟ, ಅಪ್ಪ ಸುರಿಯುತ್ತಿದ್ದ ಹಾಗೆ. ಉಳಿದದ್ದನ್ನು ಕುಡಿದ.

"ಸಿರಿಲೊ! ಏನ್ ಮಾಡ್ತಿದೀಯೋ ಅಲ್ಲಿ?"

ತಮ್ಮ ತಿರುಗಿ ನಿಂತ. ಮೀಸೆ ಮೇಲೆ ನೊರೆ.

"ಡ್ಯೂಟಿ ಸಾರ್!"

ನಗು ತಡೆಯಲಾಗಲಿಲ್ಲ. ಅಳುವೂ.

ಆಗಸ್ಟ್ 4

ಯೂನಿಫಾರಂ ಕಿತ್ತುಕೊಂಡರು. ಸೀಟಿ ಕೂಡ. ಸಿರಿಲೊನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದು ಅವಳ ಹಕ್ಕು. ಆದರೆ ಮಕ್ಕಳನ್ನು ನಮ್ಮಲ್ಲಿಗೇ ಊಟಕ್ಕೆ ಕಳಿಸುತ್ತಾಳೆ.

ಅಮ್ಮ ಬೀಜದ ಗಡಿಗೆ ಹೊರಗೆ ತಂದಿದ್ದಾಳೆ. ನೆಲದ ಮೇಲೆ ಕೂತು ಬೀಜ ಆರಿಸುತ್ತಿದ್ದಾಳೆ. ಅಪ್ಪ ತುಳಿದು ಉಳುತ್ತಿದ್ದ ಕಾಲುನೇಗಿಲನ್ನು ಸಿರಿಲೊ ಮಸೆಯುತ್ತಿದ್ದಾನೆ.

ಸಾಹೇಬ ಪೊಲೀಸರ ಜೊತೆ ಇವತ್ತು ಮನೆಗೇ ಬರುತ್ತಾನಂತೆ. ಅಮ್ಮನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳಬೇಕಂತೆ.

"ಏನು ಹೇಳ್ತೀಯಮ್ಮಾ?"

"ಹೇಳೋದೇನು? ಮನೆಗೆ ಬಂದವರಿಗೆ ಲೋಟ ಕೊಡಲ್ವಾ? ತೊಳಿ."

"ಬೇಡ ಅಂದ್ರೆ?"

"ನನ್ನ ಹೊಸ್ತಿಲೊಳಗೆ ನಿಂತು ಅನ್ನಲಿ, ನೋಡೋಣ."

ಜೀಪು ನಿಂತ ಸದ್ದು. ಬಾಗಿಲು ಬಡಿಯುತ್ತಿದ್ದಾರೆ. ಸಿರಿಲೊ ಎದ್ದ, ತಾನೇ ತೆಗೆಯುತ್ತಾನಂತೆ. ಲೋಟ ತುಂಬಿದ್ದೇನೆ, ಅಂಚಿನವರೆಗೆ. ಬನ್ನಿ ಸಾಹೇಬ್ರೇ. ಮೊದಲು ನೆಲಕ್ಕೆ, ಆಮೇಲೆ —