ಅರವತ್ತಾರರಲ್ಲಿ ನಿಂತ ಮುಳ್ಳು

ಅಂಗಡಿಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಕೋಲು ಹಿಡಿಯಲು ಒಪ್ಪಿದರೋ, ಇಲ್ಲ ಮೆಟ್ಟಿಲಿಳಿಯುವಾಗ ಇನ್ನೂ ನಿನ್ನ ಹೆಗಲೇ ಆಗಬೇಕೋ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಸಾಕು, ಚೆನ್ನಾಗಿದ್ದೀನಿ ಅಂತ ನನ್ನ ಬಾಯಿ ತಾನಾಗಿ ಹೇಳಿಬಿಡುತ್ತದೆ. ಅದಕ್ಕೇ ನನ್ನ ಹೆಂಡತಿ ಔಷಧಿ ತರಲು ಹೋದ ಹೊತ್ತು ನೋಡಿ ಮನೆ ಕೆಳಗಿನ ಅಂಗಡಿಗೆ ಇಳಿದು, ರಿಪೇರಿಗೆ ಬಂದ ತಕ್ಕಡಿಗಳ ನಡುವೆ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ.

ಕರುಳಿನ ಗಡ್ಡೆ ತೆಗೆದ ಮೇಲೆ ಡಾಕ್ಟರು ಹೇಳಿದ್ದು ನಿನಗೂ ನೆನಪಿರಬೇಕು. "ತೀರಾ ದಪ್ಪ ಒಳ್ಳೇದಲ್ಲ, ನಿಜ. ಆದ್ರೆ ಈ ಕ್ಯಾನ್ಸರಲ್ಲಿ ಇಳೀತಾ ಹೋಗೋರಿಗೆ ಕಷ್ಟ ಜಾಸ್ತಿ. ಮೈಯಲ್ಲಿ ಸ್ವಲ್ಪ ತುಂಬ್ಕೊಂಡಿರೋರು ಔಷಧಿ ತಡ್ಕೋತಾರೆ. ವಾರವಾರ ತೂಕ ನೋಡಿ, ಎರಡು ಕೆಜಿ ಇಳಿದ್ರೂ ಫೋನ್ ಮಾಡಿ." ಇಷ್ಟು ವರ್ಷ ನನ್ನ ಹೊಟ್ಟೆ ನೋಡಿ ನೀನೂ ಭಾವನೂ ನಕ್ಕಿದ್ದೇ ನಕ್ಕಿದ್ದು. ಈಗ ಆ ಹೊಟ್ಟೆಯೇ ಬೇಕು ಎಂದರೆ ಎಲ್ಲಿಂದ ತರಲಿ?

ಮೊದಲ ಭಾನುವಾರ ಅರವತ್ತಾರು ಇತ್ತು. ಇವಳು ಕ್ಯಾಲೆಂಡರಿನಲ್ಲಿ ಬರೆದಿಟ್ಟಳು. ಮುಂದಿನ ವಾರ ಅರವತ್ತೈದು. ಅವತ್ತು ತಾನು ಅನ್ನ ಮುಟ್ಟಲಿಲ್ಲ, ನನ್ನ ಬಾಯಿಗೆ ಮಾತ್ರ ತುತ್ತು ತುರುಕಿದಳು. ನಾನು ಕಕ್ಕಿದೆ, ಇಬ್ಬರೂ ಅತ್ತೆವು. ಮೂರನೆಯ ವಾರ ನಾನು ಮನೆಯ ತೂಕದ ಯಂತ್ರ ಬಿಚ್ಚಿ ಒಳಗಿನ ಸ್ಪ್ರಿಂಗ್ ಸಡಿಲಿಸಿದೆ. ಖಾಲಿ ಇದ್ದಾಗ ಮುಳ್ಳು ಸೊನ್ನೆಯಲ್ಲೇ ಇರುತ್ತದೆ, ನಾನು ಹತ್ತಿದರೆ ಅರವತ್ತಾರು. ಕಳ್ಳತೂಕ ಮಾಡಿಕೊಡು ಎಂದು ಬಂದ ವ್ಯಾಪಾರಿಗಳನ್ನೆಲ್ಲ ಮೂವತ್ತು ವರ್ಷ ಬೈದು ಅಟ್ಟಿದವನು ನಾನು. ಒಂದೇ ವಾರ, ಅವಳು ಉಂಡರೆ ಸಾಕು ಎಂದುಕೊಂಡಿದ್ದೆ. ಮೈ ಇಳಿಯುತ್ತಲೇ ಹೋಯಿತು, ನಾನು ಶನಿವಾರ ಶನಿವಾರ ಸಡಿಲಿಸುತ್ತಲೇ ಬಂದೆ. ಈಗ ನಿಜ ಹೇಳಿದರೆ, ಡಾಕ್ಟರಿಗೆ ತಿಳಿಸದೆ ಎಂಟು ವಾರ ಹಾಳು ಮಾಡಿದ್ದನ್ನೂ ಹೇಳಬೇಕು. ನುಂಗುವಂತಿಲ್ಲ, ಉಗುಳುವಂತಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಅಕ್ಕಾ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಮಂಡಿಗೆ ಶಾಖ ಕೊಡುವುದನ್ನು ನಿಲ್ಲಿಸಬೇಡ.

ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಕಣ್ಣು ಕತ್ತಲಿಟ್ಟು ಕುಸಿದೆ. ಇವಳು ಓಡಿಬಂದು ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ಸಲವೂ ಕೆಳಗಿಳಿಸದೆ ಮಂಚದವರೆಗೆ ನಡೆದಳು. ಮಲಗಿಸಿ ನನ್ನ ಮುಖವನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಯಂತ್ರ ತಂದು ನನ್ನನ್ನು ಅದರ ಮೇಲೆ ನಿಲ್ಲಿಸಿ, ಅರವತ್ತಾರು ಎಂದು ಗಟ್ಟಿಯಾಗಿ ಓದಿ, ಅದನ್ನೇ ಕ್ಯಾಲೆಂಡರಿನಲ್ಲಿ ಬರೆದಳು. ಎತ್ತಿದಾಗಲೇ ನನ್ನ ತೂಕ ಅವಳ ಕೈಗೆ ಗೊತ್ತಾಗಿತ್ತು, ಇನ್ನು ಅವಳೂ ಹೇಳುವುದಿಲ್ಲ. ಡಾಕ್ಟರಿಗೆ ನೀನೇ ಫೋನ್ ಮಾಡು. ಅಂಗಡಿಯ ಯಂತ್ರದಲ್ಲಿ ಈಗಷ್ಟೇ ನೋಡಿದೆ, ಐವತ್ತೆರಡು.