ಗುಂಯ್ ನಿಂತ ದಿನ

೩-೨-೧೯೬೪, ಸೋಮವಾರ. ಯಲಹಂಕ
ಬೆಳಿಗ್ಗೆ ಅಂಗಡಿಯ ಎರಡು ಹಾರ್ನ್ ಸ್ಪೀಕರ್ ಒರೆಸಿಟ್ಟೆ. ಆಂಪ್ಲಿಫೈಯರ್ ಇನ್ನೂ ಗುಂಯ್ ಅನ್ನುತ್ತಿದೆ. ಮಿಲಿಟರಿ ಹರಾಜಿನ ಮುದಿ ಡಬ್ಬ... ವಾಲ್ವ್ ಬಿಸಿಯಾದರೆ ಸಾಕು, ಶುರು. ಹಾಳಾಗಿ ಹೋಗಲಿ.

ಕೋಗಿಲಿನಿಂದ ಸುಬ್ಬಮ್ಮತ್ತಿಗೆ ಬಂದಿದ್ದರು. ಅವರ ಗಂಡ ಲಕ್ಕಣ್ಣನ ವರ್ಷದ ತಿಥಿ ಹದಿನಾಲ್ಕಕ್ಕೆ, ಶುಕ್ರವಾರ.

"ಅವತ್ತು ಅವ್ರ ಆಡು ಒಂದ್ಸಲ ಕೇಳಿಸ್ಬುಡಪ್ಪಾ ಪಿಳ್ಳಪ್ಪ. ಮಕ್ಳಿಗೆ ಅಪ್ಪನ ದನೀನೇ ಮರ್ತೋಗ್ತಾ ಐತೆ."

ಹತ್ತು ವರ್ಷ ನನ್ನ ಜೊತೆ ಊರೂರು ತಿರುಗಿ ಮೈಕ್ ಕಟ್ಟಿದವನು. ಅವನು ಹಾಡಿರುವುದು ಒಂದೇ ಸ್ಪೂಲ್ ಟೇಪಿನಲ್ಲಿ, ಐದೇ ನಿಮಿಷ. ಆಯ್ತು ಅತ್ತಿಗೆ, ಅಂದೆ.

೬-೨, ಗುರುವಾರ
ವಾಲ್ವ್ ಬದಲಿಸಿದೆ. ಗುಂಯ್. ಅರ್ತ್ ವೈರ್ ಬಿಚ್ಚಿ ಮತ್ತೆ ಸೋಲ್ಡರ್ ಮಾಡಿದೆ. ಗುಂಯ್! ವಾಲ್ಯೂಮ್ ಪೂರ್ತಿ ಇಳಿಸಿದರೂ ಅದೇ. ಅಂದರೆ ಕರೆಂಟಿನ ಕಂಡೆನ್ಸರೇ ಹೋಗಿದೆ. ಮೊದಲೇ ಹೊಳೆಯಬಾರದಿತ್ತೇ, ದಡ್ಡ ಮುಂಡೇದು ನಾನು.

ಲಕ್ಕಣ್ಣನ ಸ್ಪೂಲ್ ಟೇಪ್ ಮೆಷಿನ್ನಿಗೆ ಹಾಕಿ ನೋಡಿದೆ. ದನಿ ಗುಂಯ್ ಒಳಗೆ ಮುಳುಗಿಹೋಗುತ್ತಿದೆ. ಮಕ್ಕಳಿಗೆ ಇದನ್ನು ಕೇಳಿಸಲಾರೆ.

೮-೨, ಶನಿವಾರ, ಮಧ್ಯಾಹ್ನ ೩
ಪೇಟೆಯಿಂದ ಕಂಡೆನ್ಸರ್ ತಂದು ಹಾಕಿದೆ. ನಿಂತಿತು! ನಿಂತೇಬಿಟ್ಟಿತು!

ರೆಕಾರ್ಡಿಂಗಲ್ಲೂ ನಿಂತಿದೆಯಾ ನೋಡೋಣ ಅಂತ ಗುಂಡಿ ಒತ್ತಿದೆ. ಬಾಯಿಗೆ ಬರುವುದು ಅದೊಂದೇ ತಾನೆ — "ಹಲೋ, ಮೈಕ್ ಟೆಸ್ಟಿಂಗ್". ಆಮೇಲೆ ಐದು ನಿಮಿಷ ಉಸಿರು ಬಿಗಿಹಿಡಿದು ಸುಮ್ಮನೆ ಕೂತೆ. ಬರೀ ಮೌನ ತುಂಬಿಸಿ ಕೇಳಬೇಕು, ಆಗಲೇ ಗುಂಯ್ ಇದ್ದರೆ ಗೊತ್ತಾಗುವುದು. ಹಿಂದಕ್ಕೆ ಸುತ್ತಿ ಕೇಳಿದೆ. ಚೊಕ್ಕ. ಏನೂ ಇಲ್ಲ.

ಆಮೇಲೆ ಸ್ಪೂಲ್ ನೋಡಿದೆ.

ಗುರುವಾರದಿಂದ ಮೆಷಿನ್ ಮೇಲೇ ಇತ್ತು. ತೆಗೆದಿಡಲು ಮರೆತಿದ್ದೆ. ಅವನದೇ. ಅವನ ಹಾಡಿನ ಮೇಲೇ ಮೌನ ತುಂಬಿಸಿಬಿಟ್ಟಿದ್ದೆ.

೧೩-೨, ಗುರುವಾರ
ನಾಲ್ಕು ದಿನ ಅಂಗಡಿ ತೆಗೆಯಲಿಲ್ಲ. ಜ್ವರ ಅಂತ ಹೇಳಿಸಿದೆ. ಸುಳ್ಳು. ಅಯ್ಯೋ ಲಕ್ಕಣ್ಣಾ... ನನ್ನ ಕೈಯಾರೆ ನಿನ್ನನ್ನು ಇನ್ನೊಂದು ಸಲ ಸಾಯಿಸಿದೆನಲ್ಲೋ. ನಾಳೆ ಹೋಗಲೇಬೇಕು.

೧೪-೨, ಶುಕ್ರವಾರ, ಸಂಜೆ
ಮೆಷಿನ್ ಹೊತ್ತು ಕೋಗಿಲಿಗೆ ಹೋಗಿ, ಎಡೆ ಇಡುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ಅತ್ತಿಗೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಕೂತರು.

"ಒಂದ್ ಚೂರೂ ಉಳ್ದಿಲ್ವಾ?"

ಹಾಡು ಉಳಿದಿಲ್ಲ, ಮುಗಿದ ಮೇಲೆ ಅವನು ನನ್ನನ್ನು ಕೇಳಿದ ಒಂದು ಮಾತು ಉಳಿದಿದೆ, ಅಂದೆ.

"ಅದ್ನೇ ಆಕು."

ಹಾಕಿದೆ. ಲಕ್ಕಣ್ಣ ಒಮ್ಮೆ ಕೆಮ್ಮಿ, ಕೇಳಿದ: "ಸಾಕೇನ್ಲಾ?"

ಅತ್ತಿಗೆ ಮೆಷಿನ್ ಕಡೆ ಬಾಗಿದರು. "ಸಾಲ್ದು ಕಣ್ರೀ," ಅಂದರು.

ಮತ್ತೆ ಹಾಕು ಅಂದರು, ಹಾಕಿದೆ. ಮತ್ತೆ ಅವನು ಕೇಳಿದ. ಮತ್ತೆ ಅವರು —