ಗೈಡ್ ಟ್ರ್ಯಾಕ್

ಮಾರ್ಚ್ 4

ಮತ್ತೆ ಸ್ಟುಡಿಯೊ. ಅಕ್ಕನ ಪಾಪ್ ಪಂಕ್ ಬ್ಯಾಂಡಿನ ಮೊದಲ ಸಿಂಗಲ್. ಸಾಹಿತ್ಯ ನನ್ನದು. ಅಕ್ಕ ಎಂದಿನಂತೆ ತಡ, ಗೈಡ್ ಟ್ರ್ಯಾಕ್ ನಾನೇ ಹಾಡಿದೆ. ಡ್ರಮ್ಮರ್ ಅದನ್ನು ಕೇಳಿಕೊಂಡು ಬಾರಿಸುತ್ತಾನೆ. ಆಮೇಲೆ ಅದನ್ನು ಅಳಿಸಿ ಅಕ್ಕನ ಧ್ವನಿ ಸೇರಿಸುತ್ತಾರೆ. ಅಳಿಸುವ ಹಾಡಿಗೆ ಭಯವೇಕೆ? ಕಣ್ಣು ಮುಚ್ಚಿ ಕಿರುಚಿದೆ. ಎರಡನೆಯ ಚರಣದಲ್ಲಿ ಉಸಿರು ಸಾಲದೆ ನಕ್ಕುಬಿಟ್ಟೆ.

"ಬಾಯಿ ಸತ್ತೋಳು ಅಂದ್ಕೊಂಡಿದ್ದೆ," ಅಂದ ಡ್ರಮ್ಮರ್. "ಏನಮ್ಮ, ಗೋಡೆ ಬೀಳಿಸ್ತೀಯಾ?"

ಎಂ.ಎ. ವೈವಾದಲ್ಲೂ ಇಷ್ಟು ಬಾಯಿ ತೆರೆದಿರಲಿಲ್ಲ.

ಮಾರ್ಚ್ 9

ಅಕ್ಕನ ಗಂಟಲು ಕಟ್ಟಿದೆ. ಆದರೂ ಸ್ಟುಡಿಯೊಗೆ ಹೋಗಿ ಹಾಡಿ ಬಂದಳಂತೆ. "ನೀನ್ಯಾಕೆ ಬರ್ತೀಯ, ಬೋರಾಗುತ್ತೆ," ಅಂದಿದ್ದಳು. ಬರುವಾಗ ನನಗೆ ಹಳದಿ ಶೂ ತಂದಳು.

ಯಾಕೆ ಅಂದೆ.

"ತಂಗಿಗೆ ಕೊಡೋಕೆ ಕಾರಣ ಬೇಕಾ?"

ಮಾರ್ಚ್ 21

ವಿಡಿಯೊ ಶೂಟಿಂಗ್. ನೀರಿಲ್ಲದ ಈಜುಕೊಳ, ಒಡೆದ ನೀಲಿ ಟೈಲ್ಸ್ ಮೇಲೆ ಡ್ರಮ್ಸ್. ನನ್ನ ಕೈಯಲ್ಲಿ ಸೇಫ್ಟಿ ಪಿನ್, ಹೇರ್ ಸ್ಪ್ರೇ, ಅಕ್ಕನ ಬಿಸಿನೀರಿನ ಫ್ಲಾಸ್ಕ್. ಕಾಲಲ್ಲಿ ಹಳದಿ ಶೂ. ಸ್ಪೀಕರಿನಲ್ಲಿ ಹಾಡು ಹಾಕಿದರು. ಅಕ್ಕ ಕುರ್ಚಿ ಒದ್ದು ತುಟಿ ಆಡಿಸಿದಳು. ಎರಡನೆಯ ಚರಣ. ಉಸಿರು ಕಡಿಯಿತು... ನಗು.

ನನ್ನ ನಗು.

ಅಳಿಸಿಲ್ಲ. ಗೈಡ್ ಟ್ರ್ಯಾಕನ್ನೇ ಇಟ್ಟುಕೊಂಡಿದ್ದಾರೆ. ಅಕ್ಕ ಆ ನಗುವಿಗೂ ತುಟಿ ಹೊಂದಿಸಿದಳು. ಕನ್ನಡಿ ಮುಂದೆ ಅಭ್ಯಾಸ ಮಾಡಿರಬೇಕು.

"ನಗು ಸೂಪರ್ ಮೇಡಂ," ಅಂದ ನಿರ್ದೇಶಕ.

ಡ್ರಮ್ಮರ್ ಕೋಲು ಬೀಳಿಸಿಕೊಂಡವನಂತೆ ಬಗ್ಗಿದ. ಎರಡೂ ಕೋಲು ಕೈಯಲ್ಲೇ ಇದ್ದವು.

ಬೆಣ್ಣೆಯಿಂದ ಕೂದಲು ತೆಗೆದಂತೆ ನನ್ನನ್ನು ತೆಗೆದಿದ್ದಾರೆ. ಧ್ವನಿ ಮಾತ್ರ ಬೆಣ್ಣೆಯಲ್ಲೇ ಉಳಿದಿದೆ. ಫ್ಲಾಸ್ಕ್ ಹಿಡಿದು ನಿಂತೇ ಇದ್ದೆ. ಅಕ್ಕ ಬಂದು ಕುಡಿದಳು.

ಮಾರ್ಚ್ 22

ಅಕ್ಕನನ್ನು ಕೇಳಬೇಕು. ಕೇಳಲಿಲ್ಲ.

ಏಪ್ರಿಲ್ 6

ವಿಡಿಯೊ ಬಿಡುಗಡೆ. ಗಾಯನ — ಅಕ್ಕ. ಸಾಹಿತ್ಯ — ಬ್ಯಾಂಡ್. ನಾನು ವಿಶೇಷ ಸಹಕಾರದಲ್ಲಿ, ಈಜುಕೊಳದ ವಾಚ್‌ಮನ್ ಹೆಸರಿನ ಕೆಳಗೆ.

ಅಮ್ಮ ಮತ್ತೆ ಮತ್ತೆ ಹಾಕಿ ನೋಡಿದಳು. ತಡೆಯಲಾಗಲಿಲ್ಲ. "ಅಮ್ಮ, ಅದು ನನ್ನ ಧ್ವನಿ."

"ಗೊತ್ತು ಕಣೇ. ಹೆತ್ತೋಳಿಗೆ ಗೊತ್ತಾಗಲ್ವಾ?" ಕಣ್ಣು ಫೋನಿನ ಮೇಲೆಯೇ. "ನಿಮ್ಮಕ್ಕ ಶೂ ತಂದ ದಿನಾನೇ ಹೇಳಿದ್ಲು. ನೀನೇನು ಸ್ಟೇಜ್ ಹತ್ತೋಳಾ? ಅವಳಿಗಾದ್ರೂ ಆಯ್ತಲ್ಲ. ಮನೇಲೇ ಇದೆ ಬಿಡು."

ಮನೇಲೇ ಇದೆ. ಮಿಕ್ಸಿ ಇದ್ದ ಹಾಗೆ.

ಏಪ್ರಿಲ್ 15, ಸಂಜೆ

ಶನಿವಾರ ಅವರ ಮೊದಲ ಲೈವ್ ಷೋ. ಅಲ್ಲಿ ಬರೀ ತುಟಿ ಆಡಿಸಿದರೆ ನಡೆಯದು. ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ.

"ಪುಟ್ಟೀ, ಆ ನಗು ನಂಗೆ ಬರ್ತಾ ಇಲ್ಲ ಕಣೇ. ಒಂದ್ಸಲ ಹಾಡಿ ತೋರ್ಸು. ಬೈಯೋದು ಆಮೇಲೆ ಬೈಯಿ."

ಬರೆಯುತ್ತಿದ್ದೇನೆ. ತಲೆ ಎತ್ತಿಲ್ಲ.

"ಶೂ ಯಾಕೆ ಹಾಕ್ತಿಲ್ಲ?"

ಒಳಗೆ ಬಂದಳು. ಫೋನನ್ನು ಮೇಜಿನ ಮೇಲೆ ಇಟ್ಟಳು. ರೆಕಾರ್ಡಿಂಗಿನ ಕೆಂಪು ಚುಕ್ಕಿ ಆಗಲೇ ಮಿನುಗುತ್ತಿದೆ. ನಾನೀಗ ಬಾಯಿ ತೆರೆದರೆ, ಬೈದರೂ ನಕ್ಕರೂ, ಅದೂ ಅವಳದೇ.